ಗಿಗಾಬಿಟ್ ಸ್ವಿಚ್ ಇದ್ದರೂ ವೇಗ 100ಕ್ಕೇ ನಿಲ್ಲುವುದೇಕೆ?
ದುರ್ಗದಬೈಲಿನ ಅಂಗಡಿಯಿಂದ ಮೇಲಿನ ಗೋಡೌನಿಗೆ ಎಳೆದ ಲ್ಯಾನ್ (ನೆಟ್‌ವರ್ಕ್) ಕೇಬಲ್‌ನ ವೇಗ 100 ಎಂಬಿಪಿಎಸ್ (ಸೆಕೆಂಡಿಗೆ ಮೆಗಾಬಿಟ್) ದಾಟುತ್ತಿಲ್ಲ ಎಂದು ಕೇಳಿದ್ದೀರಿ. ಸ್ವಿಚ್ (ಕೇಬಲ್‌ಗಳು ಬಂದು ಸೇರುವ ನೆಟ್‌ವರ್ಕ್ ಪೆಟ್ಟಿಗೆ) ಬದಲಿಸಬೇಡ್ರಿ, ಮೊದಲು ಕೇಬಲ್ ತುದಿಯ ಪ್ಲಗ್, ಅಂದರೆ ಕನೆಕ್ಟರ್ ನೋಡ್ರಿ. 100 ಎಂಬಿಪಿಎಸ್‌ಗೆ ಎರಡೇ ಜೋಡಿ ತಂತಿ (1, 2, 3, 6ನೇ ಪಿನ್) ಸಾಕು. ಗಿಗಾಬಿಟ್‌ಗೆ (1000 ಎಂಬಿಪಿಎಸ್) ನಾಲ್ಕೂ ಜೋಡಿ ಬೇಕು. 4, 5, 7, 8ರಲ್ಲಿ ಒಂದು ತಂತಿ ಸರಿಯಾಗಿ ಕೂಡದಿದ್ದರೂ ಎಷ್ಟೋ ಸ್ವಿಚ್‌ಗಳು ತಾವಾಗಿಯೇ 100ಕ್ಕೆ ಇಳಿಯುತ್ತವೆ.

ಕನೆಕ್ಟರ್ ತುದಿಯನ್ನು ಬೆಳಕಿಗೆ ಹಿಡಿದರೆ ಎಂಟೂ ತಾಮ್ರದ ಚುಕ್ಕೆ ಕಾಣಬೇಕು. ಇಲ್ಲದಿದ್ದರೆ ಕತ್ತರಿಸಿ ಹೊಸದಾಗಿ ಕ್ರಿಂಪ್ ಮಾಡ್ರಿ (ತಂತಿಗಳನ್ನು ಕನೆಕ್ಟರ್‌ನಲ್ಲಿ ಒತ್ತಿ ಕೂರಿಸ್ರಿ), 1ರಿಂದ 8ನೇ ಪಿನ್‌ವರೆಗಿನ ಬಣ್ಣದ ಕ್ರಮ: ಬಿಳಿ-ಕಿತ್ತಳೆ, ಕಿತ್ತಳೆ, ಬಿಳಿ-ಹಸಿರು, ನೀಲಿ, ಬಿಳಿ-ನೀಲಿ, ಹಸಿರು, ಬಿಳಿ-ಕಂದು, ಕಂದು. ಎರಡೂ ತುದಿಗೆ ಇದೇ ಕ್ರಮ. ಜೋಡಿಗಳ ಹುರಿಯನ್ನು 13 ಮಿಲಿಮೀಟರ್‌ಗಿಂತ ಹೆಚ್ಚು ಬಿಚ್ಚಬೇಡ್ರಿ, ಪಕ್ಕದ ಜೋಡಿಯ ಸಿಗ್ನಲ್ ಬೆರೆಯುತ್ತದೆ. ಒಟ್ಟು ಉದ್ದ 100 ಮೀಟರ್ ಒಳಗಿರಲಿ.