ಎಲ್‌ಸಿ ತಗೊಂಡು ಹೋಗಿ ಅಂದ ಮೇಲೆ

ಪ್ರಶ್ನೆ: ಮಾಸ್ಟ್ರೇ ನಮಸ್ಕಾರ. ನಾವು ಕಾರ್ಕಳದ ಕಡೆಯವರು, ಈಗ ಮುಂಬಯಿ ಹತ್ರದ ಡೊಂಬಿವಲಿಯಲ್ಲಿರೋದು. ಇವರಿಗೆ ಘಾಟ್ಕೋಪರ್‌ನಲ್ಲಿ ಕ್ಯಾಂಟೀನ್ ಕೆಲಸ, ಬೆಳಿಗ್ಗೆ 5ಕ್ಕೆ ಹೋದ್ರೆ ರಾತ್ರಿಯೇ ಬರೋದು. ದೊಡ್ಡ ಮಗನಿಗೆ 15 ತುಂಬಿತು, ಇಂಗ್ಲಿಷ್ ಮೀಡಿಯಂ, ಈ ಸಲ ಒಂಬತ್ತನೇಲಿ ಫೇಲು. ಶಾಲೆಯವರು ಕರೆದು ಇವನು ನಮ್ಮಲ್ಲಿ ಹತ್ತು ಪಾಸಾಗೋದಿಲ್ಲ, ಎಲ್‌ಸಿ, ಅಂದ್ರೆ ಶಾಲೆ ಬಿಟ್ಟ ಸರ್ಟಿಫಿಕೇಟ್, ತಗೊಂಡು ಹೋಗಿ, ಹೊರಗಿಂದ ಪರೀಕ್ಷೆ ಕಟ್ಟುವ 17 ನಂಬರ್ ಫಾರ್ಮ್ ತುಂಬ್ಸಿ ಅಂದ್ರು. ಇವನು ಶಾಲೆ ಹೆಸರು ತೆಗೆದ್ರೆ ಸಿಡುಕ್ತಾನೆ, ದಿನಾ ಸ್ಟೇಷನ್ ಹತ್ರ ಮೊಬೈಲ್ ರಿಪೇರಿ ಅಂಗಡಿಯಲ್ಲಿ ಕೂತಿರ್ತಾನೆ. ಬಾಯಲ್ಲಿ ಕೇಳಿದ್ರೆ ಪಾಠ ಪೂರಾ ಹೇಳ್ತಾನೆ, ಬರೀಲಿಕ್ಕೆ ಕೂರಿಸಿದ್ರೆ ಪೇಪರ್ ಖಾಲಿ. ನನ್ನ ಮೈದುನ ಅಮೆರಿಕದ ಮಿನೆಸೋಟದಲ್ಲಿದ್ದಾನೆ, ಅಲ್ಲಿ ಹೀಗೆ ಶಾಲೆ ಬಿಡುವ ಮಕ್ಕಳಿಗೇ ಬೇರೆ ಚಾರ್ಟರ್ ಶಾಲೆ ಉಂಟಂತೆ, ಫೀಸೂ ಇಲ್ವಂತೆ. ನಮ್ಮಲ್ಲಿ ಅಂಥದ್ದು ಇಲ್ವಾ? ಒಬ್ಬರು ನೈಟ್ ಸ್ಕೂಲ್‌ಗೆ ಹಾಕಿ ಅಂದ್ರು, ಇವರಿಗೆ ಅದು ಮರ್ಯಾದೆ ಪ್ರಶ್ನೆ ಆಗಿದೆ.
ಒಬ್ಬ ತಾಯಿ, ಡೊಂಬಿವಲಿ

ಉತ್ತರ: ಅಮ್ಮಾ, ಮೊದಲು ನಿಮ್ಮ ಪತ್ರದಲ್ಲಿ ನೀವು ಹಾಗೇ ಬರೆದುಬಿಟ್ಟು ಮುಂದೆ ಹೋದ ಒಂದು ಮಾತು ಹಿಡ್ಕೊಳ್ತೇನೆ. ಬಾಯಲ್ಲಿ ಹೇಳ್ತಾನೆ, ಬರೀಲಿಕ್ಕೆ ಆಗೋದಿಲ್ಲ. ಇದು ಸೋಮಾರಿತನ ಆಗಿರಬಹುದು, ಆದ್ರೆ ಅಲ್ಲದೇ ಇರುವ ಸಾಧ್ಯತೆಯೂ ಚೆನ್ನಾಗಿ ಉಂಟು. ಓದು ಬರಹಕ್ಕೆ ಸಂಬಂಧಪಟ್ಟ ಕಲಿಕೆಯ ತೊಂದರೆ, ಡಿಸ್ಲೆಕ್ಸಿಯಾ ಅಂತಾರಲ್ಲ, ಅದು ಇದ್ದ ಎಷ್ಟೋ ಮಕ್ಕಳು ಹೀಗೇ ಇರ್ತಾರೆ, ಮಾತಲ್ಲಿ ಚುರುಕು, ಪೇಪರ್ ಮುಂದೆ ಕಲ್ಲು. ಮುಂಬಯಿಯಲ್ಲಿ ಸಾಯನ್ ಆಸ್ಪತ್ರೆ, ನಾಯರ್ ಆಸ್ಪತ್ರೆಯಲ್ಲಿ ಇದನ್ನು ನೋಡುವ ಎಲ್‌ಡಿ (ಲರ್ನಿಂಗ್ ಡಿಸಬಿಲಿಟಿ, ಕಲಿಕೆಯ ತೊಂದರೆ) ಕ್ಲಿನಿಕ್ ಉಂಟು, ಮುನಿಸಿಪಾಲ್ಟಿ ಆಸ್ಪತ್ರೆ ಆದ್ದರಿಂದ ಖಾಸಗಿಯವರ ಹಾಗೆ ಕಿಸೆ ಖಾಲಿ ಆಗೋದಿಲ್ಲ, ಆದ್ರೆ ಸರದಿ ಉದ್ದ ಇರ್ತದೆ, ಹಾಗಾಗಿ ಹೆಸರು ಇವತ್ತೇ ಬರೆಸಿ. ಅಲ್ಲಿಂದ ಸರ್ಟಿಫಿಕೇಟ್ ಸಿಕ್ಕಿದ್ರೆ ಎಸ್‌ಎಸ್‌ಸಿ, ಅಂದ್ರೆ ಮಹಾರಾಷ್ಟ್ರದ ಹತ್ತನೇ ಕ್ಲಾಸಿನ, ಬೋರ್ಡು ಪರೀಕ್ಷೆಗೆ ಹೆಚ್ಚು ಟೈಮ್ ಕೊಡ್ತದೆ, ಬೇಕಾದ್ರೆ ಇವನು ಹೇಳಿದ್ದನ್ನು ಬರೆಯುವವರನ್ನು ಇಟ್ಕೊಳ್ಳಲಿಕ್ಕೂ ಬಿಡ್ತದೆ. ಇಷ್ಟು ವರ್ಷ ಆ ಶಾಲೆಯಲ್ಲಿ ಒಬ್ಬ ಟೀಚರಿಗೂ ಇದು ಕಣ್ಣಿಗೆ ಬೀಳ್ಲಿಲ್ವಾ ಅಂತ ನನಗೆ ಸಿಟ್ಟು ಬರ್ತದೆ, ಇರ್ಲಿ.

ಈಗ ಆ ಒಂಬತ್ತನೇ ಫೇಲಿನ ವಿಷಯ. ಎಂಟರವರೆಗೆ ಶಿಕ್ಷಣ ಹಕ್ಕಿನ ಕಾಯ್ದೆ ಅಂತ ಒಂದು ಕೊಡೆ ಇರ್ತದೆ, 6ರಿಂದ 14 ವರ್ಷದವರಿಗೆ. ಒಂಬತ್ತಕ್ಕೆ ಬಂದ ಕೂಡ್ಲೇ ಆ ಕೊಡೆ ಮಡಚಿತು. ಹತ್ತರಲ್ಲಿ ಬೋರ್ಡಿನವರ ಪೇಪರು, ರಿಸಲ್ಟ್ ಬಂದ ದಿನ ಗೇಟಿಗೆ ಶೇ. 100 ಅಂತ ಬ್ಯಾನರ್ ಕಟ್ಟಬೇಕು. ಆ ನೂರು ಎಲ್ಲಿಂದ ಬರ್ತದೆ ಗೊತ್ತುಂಟಾ? ಅರ್ಧ ಪಾಠದಿಂದ, ಉಳಿದರ್ಧ ಒಂಬತ್ತರಲ್ಲಿ ಜರಡಿ ಹಿಡಿಯೋದ್ರಿಂದ. ನಿಮ್ಮ ಮಗ ಆ ಜರಡಿಯಲ್ಲಿ ಬಿದ್ದವನು, ಅವನೊಬ್ಬನೇ ಅಲ್ಲ. ಹಾಗಾಗಿ ಎಲ್‌ಸಿ ತಗೊಳ್ಳುವ ಮೊದಲು ಒಂದು ಸಲ ಹೋಗಿ, ನೀವಿಬ್ರೂ ಒಟ್ಟಿಗೆ ಹೋಗಿ, ಒಂಬತ್ತನ್ನೇ ಇನ್ನೊಂದು ವರ್ಷ ಕೂರಿಸ್ತೀರಾ ಅಂತ ಕೇಳಿ, ಅದೂ ಬರವಣಿಗೆಯಲ್ಲಿ. ಫೇಲಾದ ಹುಡುಗ ಅದೇ ಕ್ಲಾಸಲ್ಲಿ ಕೂರೋದು ಬೇರೆ, ಶಾಲೆಯಿಂದ್ಲೇ ಹೋಗು ಅನ್ನೋದು ಬೇರೆ, ಎರಡನ್ನೂ ಅವರು ನಿಮ್ಮ ಹತ್ರ ಒಂದೇ ಉಸಿರಲ್ಲಿ ಹೇಳಿದ್ದಾರೆ.

ನಿಮ್ಮ ಮೈದುನ ಹೇಳಿದ್ದು ಸತ್ಯ. ಚಾರ್ಟರ್ ಶಾಲೆಯ ಕಾನೂನು ಅಮೆರಿಕದಲ್ಲಿ ಮೊದಲು ಬಂದದ್ದೇ ಮಿನೆಸೋಟದಲ್ಲಿ, 1991ರಲ್ಲಿ. ಮರುವರ್ಷ 1992ರಲ್ಲಿ ಸೇಂಟ್ ಪಾಲ್ ಊರಲ್ಲಿ ಸಿಟಿ ಅಕಾಡೆಮಿ ಅಂತ ಆ ದೇಶದ ಮೊದಲ ಚಾರ್ಟರ್ ಶಾಲೆ ಶುರುವಾಯ್ತು, ಮತ್ತೆ ಅದು ಶುರುವಾದದ್ದೇ ಓದು ಅರ್ಧಕ್ಕೆ ಬಿಟ್ಟ ಹುಡುಗ ಹುಡುಗಿಯರಿಗಾಗಿ, ಇದು ತುಂಬ ಜನಕ್ಕೆ ಗೊತ್ತಿಲ್ಲ. ದುಡ್ಡು ಸರಕಾರದ್ದು, ಒಂದು ಮಗುವಿಗೆ ಇಷ್ಟು ಅಂತ ಲೆಕ್ಕ ಹಾಕಿ ಕೊಡ್ತಾರೆ, ಮಕ್ಕಳಿಂದ ಫೀಸ್ ತಗೊಳ್ಳುವ ಹಾಗಿಲ್ಲ, ಸೀಟಿಗಿಂತ ಜಾಸ್ತಿ ಅರ್ಜಿ ಬಂದ್ರೆ ಚೀಟಿ ಎತ್ತಬೇಕು. ಶಾಲೆ ನಡೆಸುವವರು ಮಾತ್ರ ಸರಕಾರದವರಲ್ಲ, ಟೀಚರ್‌ಗಳೋ ಊರವರೋ ಸೇರಿ ಒಂದು ಕರಾರು ಬರ್ಕೊಡ್ತಾರೆ, ನಾವು ಹೀಗೆ ಕಲಿಸ್ತೇವೆ, ಇಷ್ಟು ಸಾಧಿಸ್ತೇವೆ ಅಂತ. ಆ ಕರಾರಿಗೇ ಚಾರ್ಟರ್ ಅನ್ನೋದು. ಹೇಳಿದ್ದು ಆಗ್ಲಿಲ್ಲ ಅಂದ್ರೆ ಕರಾರು ರದ್ದು, ಶಾಲೆ ಬಂದ್.

ಎಲ್ಲ ಚಾರ್ಟರ್ ಶಾಲೆಗಳೂ ಇಂಥ ಮಕ್ಕಳಿಗೆ ಅಲ್ಲ, ಕೆಲವೇ. ಅಂಥವುಗಳಲ್ಲಿ ಮಕ್ಕಳು ಕಮ್ಮಿ, ಟೀಚರಿಗೆ ಪ್ರತಿಯೊಬ್ಬರ ಮನೆ ಕಥೆ ಗೊತ್ತಿರ್ತದೆ. ಅಲ್ಲಿಯ ಹೈಸ್ಕೂಲಲ್ಲಿ ವರ್ಷ ಪಾಸು ಫೇಲಿಗಿಂತ ಕ್ರೆಡಿಟ್ ಲೆಕ್ಕ ಮುಖ್ಯ, ಗಣಿತದ್ದು ಇಷ್ಟು ಇಂಗ್ಲಿಷಿನದ್ದು ಇಷ್ಟು ಅಂತ ಕೂಡಿಸಬೇಕು, ಬಿಟ್ಟುಹೋದದ್ದನ್ನಷ್ಟೇ ಮತ್ತೆ ಮಾಡಿ ಮುಗಿಸಬಹುದು, ಪೂರಾ ವರ್ಷ ವಾಪಸ್ ಕೂರ್ಬೇಕಾಗಿಲ್ಲ. ಅಲ್ಲೂ ತಲೆನೋವು ಇಲ್ಲದ್ದಲ್ಲ. ನಾಲ್ಕು ವರ್ಷದ ಹೈಸ್ಕೂಲನ್ನು ನಾಲ್ಕೇ ವರ್ಷದಲ್ಲಿ ಎಷ್ಟು ಜನ ಮುಗಿಸಿದ್ರು ಅಂತ ಶಾಲೆಯನ್ನು ಅಳೆಯುವ ಲೆಕ್ಕ ಅಲ್ಲಿ ಉಂಟು. ಎರಡು ವರ್ಷ ಹಿಂದೆ ಬಿದ್ದ 17ರ ಹುಡುಗನನ್ನು ಸೇರಿಸ್ಕೊಂಡ ಶಾಲೆ ಆ ಲೆಕ್ಕದಲ್ಲಿ ಯಾವತ್ತೂ ನಪಾಸೇ, ಅವನು 20ಕ್ಕೆ ಪಾಸಾಗಿ ಹೋದ್ರೂ ಲೆಕ್ಕಕ್ಕಿಲ್ಲ. ಅದಕ್ಕೇ ಕೆಲವು ರಾಜ್ಯಗಳು ಇಂಥ ಶಾಲೆಗೆ ಬೇರೆ ಅಳತೆ ಮಾಡ್ಕೊಂಡಿವೆ. ನಮ್ಮ ಬ್ಯಾನರಿನ ಕಥೆಯೂ ಇದೇ ಅಲ್ವಾ ಮತ್ತೆ.

ಚಾರ್ಟರ್ ಅನ್ನುವ ಹೆಸರಿನ ಕಾನೂನು ನಮ್ಮಲ್ಲಿಲ್ಲ. ಆದ್ರೆ ಅದರ ಒಳಗಿನ ಸಂಗತಿ ಉಂಟಲ್ಲ, ಅದು ಮುಂಬಯಿ ಕನ್ನಡಿಗರಿಗೆ ಅಮೆರಿಕದಿಂದ ಕಲೀಬೇಕಾದ್ದಲ್ಲ ಅಮ್ಮಾ. ಮೊಗವೀರರು 1908ರಲ್ಲೇ ಇಲ್ಲಿ ರಾತ್ರಿ ಶಾಲೆ ಮಾಡಿದ್ರು. ಬಿಲ್ಲವರ ಅಸೋಸಿಯೇಷನ್ನಿನ ಗುರುನಾರಾಯಣ ರಾತ್ರಿ ಶಾಲೆ, ಕೋಟೆ (ಫೋರ್ಟ್) ಭಾಗದ ಶಾಲೆಗಳು, ಎಷ್ಟು ಜನ ಹೋಟೆಲ್ ಮಾಣಿಗಳು ಅಲ್ಲಿ ಓದಿ ಬ್ಯಾಂಕಿಗೆ ಹೋದ್ರು, ವಕೀಲರಾದ್ರು, ಸ್ವಂತ ಹೋಟೆಲ್ ಹಾಕಿದ್ರು. ನಾನು ಅಂಥದ್ದೊಂದು ಶಾಲೆಯಲ್ಲಿ ವರ್ಷಗಟ್ಟಲೆ ಗಣಿತ ಮಾಡಿದವ, ಹಗಲು ಕಾರಕೂನ, ರಾತ್ರಿ ಮಾಸ್ಟ್ರು. ಆರೂವರೆಗೆ ಕ್ಲಾಸು, ಹುಡುಗರು ಗ್ರೈಂಡರಿನ ಹಿಟ್ಟು ಮೊಣಕೈಯಲ್ಲಿ ಹಾಗೇ ಇಟ್ಕೊಂಡು ಓಡಿ ಬರೋರು, ಹಿಂದಿನ ಬೆಂಚಲ್ಲಿ ಎರಡು ಮೂರು ಜನ ನಿದ್ದೆ. ನಿದ್ದೆ ಮಾಡಿದವನನ್ನು ನಾವು ಎಬ್ಬಿಸ್ತಿರ್ಲಿಲ್ಲ, ಹತ್ತು ನಿಮಿಷ ಬಿಡ್ತಿದ್ವಿ. ಎರಡು ದಿನ ಒಬ್ಬ ಬರ್ಲಿಲ್ಲ ಅಂದ್ರೆ ಮೂರನೇ ದಿನ ನಾನು ಅವನ ಹೋಟೆಲಿಗೆ ಚಾ ಕುಡೀಲಿಕ್ಕೆ ಅಂತ ಹೋಗ್ತಿದ್ದೆ. ಗಲ್ಲಾದಲ್ಲಿ ಕೂತ ಧಣಿಗೆ ಗೊತ್ತಾಗ್ತಿತ್ತು, ಮಾಸ್ಟ್ರು ಚಾಕ್ಕೆ ಬಂದದ್ದಲ್ಲ ಅಂತ. ಚಾದ ದುಡ್ಡು ತಗೊಳ್ತಿರ್ಲಿಲ್ಲ, ಮರುದಿನ ಹುಡುಗ ಕ್ಲಾಸಲ್ಲಿ. ಎಲ್ಲ ಧಣಿಗಳೂ ಹಾಗಿರ್ಲಿಲ್ಲ, ಕೆಲವರು ಕಪ್ಪು ಎತ್ತಿದ ಕೂಡ್ಲೇ ಬಿಲ್ಲು ಇಟ್ಟದ್ದೂ ಉಂಟು.

ಈ ಕಥೆ ಯಾಕೆ ಅಂದ್ರೆ, ನಿಮ್ಮ ಮುಂದಿರುವ ದಾರಿಗಳನ್ನು ಇದೇ ಕಣ್ಣಲ್ಲಿ ನೋಡ್ಬೇಕು. 17 ನಂಬರ್ ಫಾರ್ಮ್ ಅಂದ್ರೆ ಖಾಸಗಿ ವಿದ್ಯಾರ್ಥಿಯಾಗಿ ಎಸ್‌ಎಸ್‌ಸಿ ಕಟ್ಟೋದು, 14 ತುಂಬಿರ್ಬೇಕು, ಐದನೇ ಪಾಸಾಗಿರ್ಬೇಕು, ಹಾಗಾಗಿ ಒಂಬತ್ತು ಫೇಲಾದವನೂ ನೇರ ಹತ್ತು ಬರೀಬಹುದು. ಅದೇ ಪೇಪರು, ಪಾಸಿಗೆ ಅದೇ 35 ಮಾರ್ಕು. ಸಿಲೆಬಸ್ ಪೂರಾ ಅಷ್ಟೇ ಉಂಟು, ಕಲಿಸುವವರು ಮಾತ್ರ ಇಲ್ಲ. ಎನ್‌ಐಒಎಸ್ ಅಂದ್ರೆ ಕೇಂದ್ರ ಸರಕಾರದ ಓಪನ್ ಸ್ಕೂಲ್, 1989ರಿಂದ ಉಂಟು, ಇದಕ್ಕೂ 14 ವರ್ಷ ತುಂಬಿರ್ಬೇಕು. ಐದೇ ಸಬ್ಜೆಕ್ಟ್, ಒಂದಾದ್ರೂ ಭಾಷೆ ಇರ್ಬೇಕು, ಕನ್ನಡವನ್ನೂ ಭಾಷೆಯಾಗಿ ತಗೋಬಹುದು, ಪೇಂಟಿಂಗ್, ಡೇಟಾ ಎಂಟ್ರಿ, ಹೋಮ್ ಸೈನ್ಸ್ ಇವೆಲ್ಲ ಉಂಟು. ದೊಡ್ಡ ಅನುಕೂಲ ಏನಂದ್ರೆ ಐದನ್ನೂ ಒಟ್ಟಿಗೆ ಬರೀಬೇಕಾಗಿಲ್ಲ, ಐದು ವರ್ಷದಲ್ಲಿ ಒಂಬತ್ತು ಸಲ ಅವಕಾಶ, ಪಾಸಾದದ್ದು ಹಾಗೇ ಜಮಾ ಆಗಿರ್ತದೆ. ಅಮೆರಿಕದ ಕ್ರೆಡಿಟ್ಟಿಗೆ ಹತ್ತಿರದ್ದು ನಮ್ಮಲ್ಲಿ ಅಂದ್ರೆ ಇದೇ. ಬರವಣಿಗೆ ತೊಂದರೆ ಇದ್ದವರಿಗೆ ಬಹಳ ಒಳ್ಳೇದು.

ಆದ್ರೆ ಎರಡಕ್ಕೂ ಒಂದೇ ಕೊರತೆ. ಅವು ಶಾಲೆ ಅಲ್ಲ, ಪರೀಕ್ಷೆ. ನಿಮ್ಮ ಮಗ ಎರಡು ದಿನ ಪುಸ್ತಕ ಮುಟ್ಲಿಲ್ಲ ಅಂದ್ರೆ ಮೂರನೇ ದಿನ ಚಾ ಕುಡೀಲಿಕ್ಕೆ ಯಾರೂ ಬರೋದಿಲ್ಲ. ಮನೆಯಲ್ಲಿ ಕೂತು ಓದ್ತಾನೆ ಅಂತ ಫಾರ್ಮ್ ತುಂಬಿಸಿದ ಎಷ್ಟೋ ಮನೆಗಳು ನನಗೆ ಗೊತ್ತು, ಹಾಲ್ ಟಿಕೆಟ್ ಬರ್ತದೆ, ಹುಡುಗ ಹೋಗೋದಿಲ್ಲ. ಅದಕ್ಕೇ ನಾನು ನೈಟ್ ಸ್ಕೂಲ್ ಪರ. ಇಲ್ಲಿ ಬರೆಯೋದು ಬೋರ್ಡಿನ ಅದೇ ಪರೀಕ್ಷೆ, ಸಿಗೋದು ಅದೇ ಸರ್ಟಿಫಿಕೇಟ್, ಮಾರ್ಕ್ಸ್‌ಕಾರ್ಡಿನಲ್ಲಿ ಕತ್ತಲೆ ಬೆಳಕು ಅಂತ ಬರೆದಿರೋದಿಲ್ಲ ಅಂತ ನಿಮ್ಮ ಯಜಮಾನರಿಗೆ ಹೇಳಿ. ಹಗಲು ಮೊಬೈಲ್ ಅಂಗಡಿಯಲ್ಲಿ ಕೂರ್ಲಿ, ಬೈಬೇಡಿ, ಅದನ್ನೇ ಕೊಕ್ಕೆ ಮಾಡ್ಕೊಳ್ಳಿ. ಐಟಿಐಯಲ್ಲಿ ವೆಲ್ಡರ್, ವೈರ್‌ಮನ್ ಥರದ ಕೆಲವು ಟ್ರೇಡಿಗೆ ಎಂಟು ಪಾಸು ಸಾಕು, ಎಲೆಕ್ಟ್ರಾನಿಕ್ಸ್ ಮೆಕ್ಯಾನಿಕ್‌ಗೆ ಹತ್ತು ಬೇಕು, ಈ ಮಾತು ನೀವು ಹೇಳೋದಕ್ಕಿಂತ ಆ ಅಂಗಡಿಯವನ ಬಾಯಲ್ಲಿ ಹೇಳಿಸಿ, ಬೇಗ ಇಳೀತದೆ.

ಸ್ಥಿತಿ ಮುಚ್ಚಿಡೋದಿಲ್ಲ, ಕನ್ನಡ ರಾತ್ರಿ ಶಾಲೆಗಳು ಈಗ ಬೆರಳೆಣಿಕೆ, ಊರಿಂದ ಸಣ್ಣ ಹುಡುಗರು ಹೋಟೆಲಿಗೆ ಬರೋದು ನಿಂತಿತು, ಅದು ನಿಂತದ್ದು ಒಳ್ಳೇದೇ. ನಿಮ್ಮ ಮಗ ಇಂಗ್ಲಿಷ್ ಮೀಡಿಯಂ ಬೇರೆ. ಹಾಗಾಗಿ ಮರಾಠಿ, ಹಿಂದಿ, ಇಂಗ್ಲಿಷ್ ಯಾವುದಾದ್ರೂ ಇರ್ಲಿ ಹೋಗಿ ನೋಡಿ. ಮಾಸೂಮ್ ಅನ್ನುವ ಸಂಸ್ಥೆ 2008ರಿಂದ ಮುಂಬಯಿಯ ರಾತ್ರಿ ಶಾಲೆಗಳ ಜೊತೆ ಕೆಲಸ ಮಾಡ್ತಾ ಉಂಟು, ಮಕ್ಕಳಿಗೆ ಸಂಜೆ ತಿಂಡಿ, ಪುಸ್ತಕ ಎಲ್ಲ ನೋಡ್ಕೊಳ್ತಾರೆ, ನಿಮ್ಮ ರೈಲ್ವೆ ಲೈನಲ್ಲಿ ಯಾವ ಶಾಲೆ ಉಂಟು ಅಂತ ಅವರನ್ನೇ ಕೇಳಬಹುದು. ಹೋದಾಗ ಹೆಡ್ ಮಾಸ್ಟ್ರ ಹತ್ರ ರಿಸಲ್ಟ್ ಎಷ್ಟು ಅಂತ ಕೇಳ್ಬೇಡಿ. ಮಗ ನಾಲ್ಕು ದಿನ ಬರ್ಲಿಲ್ಲ ಅಂದ್ರೆ ನೀವು ಏನು ಮಾಡ್ತೀರಿ ಅಂತ ಕೇಳಿ. ಉತ್ತರ ಕೊಡ್ಲಿಕ್ಕೆ ಅವರು ತಡವರಿಸಿದ್ರೆ ಮುಂದಿನ ಶಾಲೆ ನೋಡಿ. ಯಾವುದೂ ಹೊಂದ್ಲಿಲ್ಲ ಅಂದ್ರೆ ಎನ್‌ಐಒಎಸ್, ಆದ್ರೆ ವಾರಕ್ಕೆ ಮೂರು ದಿನ ಅವನನ್ನು ಕೂರಿಸಿ ಕೇಳುವ ಒಬ್ಬರನ್ನು ಗೊತ್ತು ಮಾಡಿದ ಮೇಲೆಯೇ.

ಇನ್ನೊಂದು, ಸ್ಟೇಷನ್ ಹೊರಗೆ ಕಂಬಕ್ಕೆ ಅಂಟಿಸಿರ್ತಾರಲ್ಲ, ಹತ್ತು ಗ್ಯಾರಂಟಿ ಪಾಸ್ ಅಂತ, ಆ ಏಜೆಂಟರ ಹತ್ರ ಒಂದು ರೂಪಾಯಿ ಕೊಡ್ಬೇಡಿ. ಎನ್‌ಐಒಎಸ್ ಅರ್ಜಿ ಆನ್‌ಲೈನಲ್ಲಿ ನೀವೇ ಹಾಕಬಹುದು.

ಪ್ರಶ್ನೆ: ಸರ್ ನಾವು ಕಲಬುರ್ಗಿ ಕಡೀ ಮಂದಿ, ಪುಣೆದಾಗ ಬಿಲ್ಡಿಂಗ್ ಕೆಲಸಕ್ಕ ಬಂದೀವಿ. ಮಗಳು ಊರಾಗ ಕನ್ನಡ ಸಾಲಿ ಆರನೇತ್ತ ಮುಗಿಸ್ಯಾಳ, 12 ವರ್ಸ. ಇಲ್ಲಿ ಸಾಲಿಯವರು ಟಿಸಿ ಇಲ್ಲ, ಮರಾಠಿ ಬರಂಗಿಲ್ಲ ಅಂತ ವಾಪಸ್ ಕಳಿಸಿದ್ರು. ಈಗ ತಮ್ಮನ್ನ ನೋಡ್ಕೊಂಡು ಸೈಟ್‌ನಾಗ ಇರ್ತಾಳ. ಏನ್ ಮಾಡೂದ್ರಿ?
ಹಡಪ್ಸರ್‌ನಿಂದ ಒಬ್ಬರು

ಉತ್ತರ: ನಿಮ್ಮ ಮಗಳಿಗೆ ಇನ್ನೂ 14 ಆಗಿಲ್ಲ, ಅಂದ್ರೆ ಮೇಲೆ ಹೇಳಿದ ಶಿಕ್ಷಣ ಹಕ್ಕಿನ ಕಾಯ್ದೆಯ ಕೊಡೆ ಅವಳ ತಲೆ ಮೇಲೆ ಉಂಟು. ಟಿಸಿ ಬರೋದು ತಡ ಆಯ್ತು ಅಂತ ಸರಕಾರಿ ಶಾಲೆ ಸೇರಿಸ್ಕೊಳ್ಳದೆ ಇರುವ ಹಾಗಿಲ್ಲ. ವಯಸ್ಸಿನ ದಾಖಲೆ ಇಲ್ಲ ಅಂತ ಹೇಳುವ ಹಾಗೂ ಇಲ್ಲ. ವಯಸ್ಸಿಗೆ ತಕ್ಕ ಕ್ಲಾಸಲ್ಲೇ ಕೂರಿಸ್ಬೇಕು, ಸಣ್ಣ ಮಕ್ಕಳ ಜೊತೆ ಮೂರನೇಗೋ ನಾಲ್ಕನೇಗೋ ಹಾಕಿದ್ರೆ ಒಪ್ಪಬೇಡಿ, ಹಿಂದೆ ಉಳಿದದ್ದನ್ನು ಕಲಿಸ್ಲಿಕ್ಕೆ ವಿಶೇಷ ತರಬೇತಿ ಕೊಡ್ಬೇಕು ಅಂತ ಕಾಯ್ದೆಯಲ್ಲೇ ಉಂಟು. ನೀವು ಒಬ್ಬರೇ ಹೋದ್ರೆ ಮತ್ತೆ ವಾಪಸ್ ಕಳಿಸ್ತಾರೆ, ನನಗೆ ಗೊತ್ತು. ಮರಾಠಿ ಬರುವ ಯಾರನ್ನಾದ್ರೂ, ಸೈಟಿನ ಮುಕಾದಮ್ (ಮೇಸ್ತ್ರಿ) ಆದ್ರೂ ಸರಿ, ಕರ್ಕೊಂಡು ಹೋಗಿ, ಸೇರಿಸೋದಿಲ್ಲ ಅಂದ್ರೆ ಅದನ್ನು ಬರೆದು ಕೊಡಿ ಅನ್ನಿ. ಬರೆದು ಕೊಡುವವರು ನನಗೆ ಇವತ್ತಿನವರೆಗೆ ಸಿಕ್ಕಿಲ್ಲ, ಸೇರಿಸ್ಕೊಳ್ತಾರೆ. ಮರಾಠಿ ಬಗ್ಗೆ ಹೆದರ್ಬೇಡ್ರಿ, ಲಿಪಿ ಬೇರೆ ಅನ್ನೋದೊಂದೇ ಕಷ್ಟ, ಆ ವಯಸ್ಸಿನ ಹುಡುಗಿ ಮಾತು ಆರು ತಿಂಗಳಲ್ಲಿ ಹಿಡೀತಾಳೆ. ತಮ್ಮನದ್ದೇ ದೊಡ್ಡ ಪ್ರಶ್ನೆ. ಅವನಿಗೆ ಹತ್ತಿರದ ಅಂಗನವಾಡಿ ಹುಡುಕದೆ ಅಕ್ಕನನ್ನು ಸೇರಿಸಿದ್ರೆ ವಾರದಲ್ಲಿ ಅವಳು ಮತ್ತೆ ಸೈಟಲ್ಲೇ ಇರ್ತಾಳೆ, ಎರಡೂ ಒಂದೇ ದಿನ ಆಗ್ಬೇಕು.

ಪ್ರಶ್ನೆ: ಗೋವಾ ಮಾಪ್ಸಾದಲ್ಲಿ ಹೋಟೆಲ್ ಕೆಲಸ, ವಯಸ್ಸು 22. ಕುಂದಾಪುರದಲ್ಲಿ ಎಸ್ಸೆಲ್ಸಿ ಬರ್ದು ಇಂಗ್ಲಿಷ್ ಗಣಿತ ಎರಡ್ರಲ್ಲಿ ಡುಮ್ಕಿ. ಈಗ ಮತ್ತೆ ಹತ್ತು ಪೂರ್ತಿ ಓದ್ಬೇಕಾ?

ಉತ್ತರ: ಪೂರ್ತಿ ಯಾಕೆ ಮಾರಾಯ, ಎರಡೇ ಬರಿ. ಪಾಸಾದ ನಾಲ್ಕು ಹಾಗೇ ಉಂಟಲ್ಲ. ಕರ್ನಾಟಕದಲ್ಲಿ ಎಸ್ಸೆಲ್ಸಿಗೆ ವರ್ಷಕ್ಕೆ ಒಂದಕ್ಕಿಂತ ಹೆಚ್ಚು ಪರೀಕ್ಷೆ ಉಂಟು, ಹಾಗಾಗಿ ಸೀಸನ್ ಅಂತ ಧಣಿ ರಜೆ ಕೊಡ್ಲಿಲ್ಲ ಅಂದ್ರೆ ಇನ್ನೊಂದಕ್ಕೆ ಹೋಗಬಹುದು. ನೀನು ಓದಿದ ಶಾಲೆಗೆ ಹಳೇ ಮಾರ್ಕ್ಸ್‌ಕಾರ್ಡ್ ಹಿಡ್ಕೊಂಡು ಹೋದ್ರೆ ಅವರೇ ಅರ್ಜಿ ಹಾಕಿಸ್ತಾರೆ, ಮಾಪ್ಸಾದಿಂದ ಕುಂದಾಪುರಕ್ಕೆ ರೈಲಲ್ಲಿ ಒಂದು ರಾತ್ರಿ ಅಷ್ಟೇ, ಥಿವಿಂ ಸ್ಟೇಷನ್ನಲ್ಲಿ ಹತ್ತಿಕೋ. ಗಣಿತ ಎರಡರಲ್ಲಿ ಕಷ್ಟದ್ದು ಅಂತ ನಿನಗೆ ಅನ್ನಿಸಬಹುದು, ನನ್ನ ಅನುಭವದಲ್ಲಿ ಹೋಟೆಲ್ ಹುಡುಗರು ಬೀಳೋದು ಇಂಗ್ಲಿಷಲ್ಲಿ. ದಿನಾ ಗಿರಾಕಿಗಳ ಜೊತೆ ಇಂಗ್ಲಿಷ್ ಮಾತಾಡ್ತೀಯಲ್ಲ, ಅದನ್ನೇ ರಾತ್ರಿ ನಾಲ್ಕು ಸಾಲು ಬರಿ. ತಪ್ಪಿದ್ರೂ ಬರಿ, ಈ ಪತ್ರಿಕೆಯ ವಿಳಾಸಕ್ಕೆ ಕಳಿಸು, ಕೆಂಪು ಶಾಯಿ ನನ್ನ ಹತ್ರ ಇನ್ನೂ ಉಂಟು.