ಮಾತ್ರೆ ಜಾಸ್ತಿ ನುಂಗಿದ ತಮ್ಮನಿಗೆ ಡಯಾಲಿಸಿಸ್ ಯಾಕೆ ಮಾಡಲಿಲ್ಲ?

ಪ್ರಶ್ನೆ: ನನ್ನ ತಮ್ಮ ಖಿನ್ನತೆಗೆ ಕೊಟ್ಟಿದ್ದ ಅಮಿಟ್ರಿಪ್ಟಿಲಿನ್ ಮಾತ್ರೆಗಳನ್ನು ಒಟ್ಟಿಗೆ ನುಂಗಿಬಿಟ್ಟಿದ್ದ. ಐಸಿಯುನಲ್ಲಿಟ್ಟು ಉಳಿಸಿದರು. ಆದರೆ ಡಯಾಲಿಸಿಸ್ ಮಾಡಲೇ ಇಲ್ಲ. ಪಕ್ಕದ ಬೆಡ್ಡಿನಲ್ಲಿ ಲಿಥಿಯಂ (ಮನಸ್ಸಿನ ವಿಪರೀತ ಏರಿಳಿತಕ್ಕೆ ಕೊಡುವ ಔಷಧ) ಜಾಸ್ತಿಯಾಗಿ ಬಂದವರಿಗೆ ಮಾಡಿದರು. ಯಾಕೆ ಡಾಕ್ಟರೇ ಈ ವ್ಯತ್ಯಾಸ?

ಉತ್ತರ: ಅವರು ಮಾಡಿದ್ದು ಸರಿಯಾಗಿಯೇ ಇದೆ. ಡಯಾಲಿಸಿಸ್ ಮೆಷಿನ್ನಿನ ಕೈಗೆ ಸಿಗುವುದು ರಕ್ತದಲ್ಲಿರುವ ಔಷಧ ಮಾತ್ರ. ಅಮಿಟ್ರಿಪ್ಟಿಲಿನ್ ರಕ್ತದಲ್ಲಿ ನಿಲ್ಲುವುದೇ ಕಡಿಮೆ. ಕೊಬ್ಬು, ಹೃದಯ, ಮಿದುಳು ಎಂದು ಮೈಯೆಲ್ಲ ಸೇರಿಕೊಳ್ಳುತ್ತದೆ. ರಕ್ತದಲ್ಲಿ ಉಳಿದ ಚೂರುಪಾರಿನಲ್ಲೂ ಶೇ 90ಕ್ಕಿಂತ ಜಾಸ್ತಿ ಪ್ರೋಟೀನಿಗೆ ಅಂಟಿಕೊಂಡಿರುತ್ತದೆ, ಅದು ಫಿಲ್ಟರ್ ದಾಟುವುದಿಲ್ಲ. ಸಂಪಿನ ನೀರು ಬದಲಿಸಿದರೆ ಗೋಡೆಗೆ ಇಳಿದ ತೇವ ಹೋಗುತ್ತದೆಯೇ? ವಿಷ ಸೇರಿದಾಗ ಡಯಾಲಿಸಿಸ್ ಯಾವಾಗ ಬೇಕೆಂದು ಹೇಳುವ ‘ಎಕ್ಸ್‌ಟ್ರಿಪ್’ ಎಂಬ ಅಂತರರಾಷ್ಟ್ರೀಯ ತಜ್ಞರ ಗುಂಪು ಕೂಡ 2014ರಲ್ಲಿ ಈ ಜಾತಿಯ ಮಾತ್ರೆಗಳಿಗೆ ಅದು ಬೇಡ ಎಂದಿದೆ.

ಲಿಥಿಯಂ ಬೇರೆ ಥರ. ಅದೊಂದು ಪುಟ್ಟ ಅಯಾನು. ಪ್ರೋಟೀನಿಗೆ ಅಂಟುವುದಿಲ್ಲ, ನೀರಿನ ಅಂಶದಲ್ಲೇ ಓಡಾಡುತ್ತದೆ, ಮೆಷಿನ್ನಿಗೆ ಸುಲಭವಾಗಿ ಸಿಗುತ್ತದೆ. ಹಾಗೆಂದು ಎಲ್ಲರಿಗೂ ಮಾಡುವುದಿಲ್ಲ. ಪ್ರಜ್ಞೆ ಮಂಕಾದರೆ, ಫಿಟ್ಸ್ ಬಂದರೆ, ಕಿಡ್ನಿ ಕೆಲಸ ಕುಂದಿ ರಕ್ತದಲ್ಲಿ ಲಿಥಿಯಂ ಮಟ್ಟ ಲೀಟರಿಗೆ 4 ಮಿಲಿಮೋಲ್ ದಾಟಿದರೆ ಮಾಡುತ್ತಾರೆ. ಜೀವಕೋಶದೊಳಗಿನ ಲಿಥಿಯಂ ಆಮೇಲೆ ಹೊರಬಂದು ಮಟ್ಟ ಮತ್ತೆ ಏರುವುದುಂಟು. ಅದಕ್ಕೇ ಕೆಲವರಿಗೆ ಎರಡನೇ ಸಲವೂ ಬೇಕಾಗುತ್ತದೆ.

ನಿಮ್ಮ ತಮ್ಮನಿಗೆ ಅಪಾಯವಿದ್ದದ್ದು ಮುಖ್ಯವಾಗಿ ಹೃದಯಕ್ಕೆ. ಅಮಿಟ್ರಿಪ್ಟಿಲಿನ್ ಹೃದಯದ ಕೋಶಗಳಿಗೆ ಸೋಡಿಯಂ ಹೋಗುವ ದಾರಿಗಳನ್ನು ಮುಚ್ಚಿಬಿಡುತ್ತದೆ. ಇಸಿಜಿಯಲ್ಲಿ ‘ಕ್ಯೂಆರ್‌ಎಸ್’ ಎಂಬ, ಪ್ರತಿ ಬಡಿತದ ಚೂಪು ಗೆರೆಯ ಭಾಗ ಅಗಲವಾಗುತ್ತದೆ, ಬಿಪಿ ಬೀಳುತ್ತದೆ. ಆಗ ಕೈಹಿಡಿಯುವುದು ಸೋಡಿಯಂ ಬೈಕಾರ್ಬನೇಟ್ ಇಂಜೆಕ್ಷನ್. ಹೌದು, ಅಡುಗೆ ಸೋಡಾದ್ದೇ ರಾಸಾಯನಿಕ! ಬೇಗ ಕರೆತಂದವರಿಗೆ ಆಸ್ಪತ್ರೆಯಲ್ಲಿ ಔಷಧಿಯ ಇದ್ದಿಲ ಪುಡಿ (ಆಕ್ಟಿವೇಟೆಡ್ ಚಾರ್‌ಕೋಲ್) ಕುಡಿಸುವುದೂ ಉಂಟು. ಉಳಿದದ್ದು ಉಸಿರಾಟ, ಫಿಟ್ಸ್ ನೋಡಿಕೊಳ್ಳುವ ಕೆಲಸ. ಖಿನ್ನತೆಗೆ ಈಗ ಜಾಸ್ತಿ ಬರೆಯುವ ಎಸ್ಸಿಟಲೋಪ್ರಾಮ್‌ನಂಥ ಮಾತ್ರೆಗಳಲ್ಲಿ ಜೀವಕ್ಕೆ ಅಪಾಯ ಇದಕ್ಕಿಂತ ಕಡಿಮೆ. ಅದಕ್ಕೂ ಇಸಿಜಿ ನೋಡಲೇಬೇಕು, ಡಯಾಲಿಸಿಸ್ ಅಲ್ಲಿಯೂ ಪ್ರಯೋಜನವಿಲ್ಲ.

ಇನ್ನೊಂದು ಮಾತು. ಇಂಥ ಹೊತ್ತಲ್ಲಿ ಉಪ್ಪುನೀರು ಕುಡಿಸಿ ವಾಂತಿ ಮಾಡಿಸಬೇಡಿ. ಮಂಪರಿನಲ್ಲಿದ್ದರೆ ವಾಂತಿ ಶ್ವಾಸಕೋಶಕ್ಕೆ ಹೋಗುತ್ತದೆ. ನೋಡಲು ಚೆನ್ನಾಗಿದ್ದರೂ ಕಾಯದೆ 108ಕ್ಕೆ ಫೋನ್ ಮಾಡಿ, ಖಾಲಿ ಸ್ಟ್ರಿಪ್ ಜೊತೆಗೆ ಒಯ್ಯಿರಿ. ಇನ್ನು ಮುಂದೆ ಮಾತ್ರೆಗಳು ನಿಮ್ಮ ಕೈಯಲ್ಲಿರಲಿ. ಒಂದು ವಾರಕ್ಕಾಗುವಷ್ಟೇ ಬರೆದುಕೊಡಿ ಎಂದು ಮನೋವೈದ್ಯರನ್ನು ಕೇಳಿ. ತಮ್ಮನ ಜೊತೆ ಕೂತು ಮಾತಾಡಿ, ಬೈಯಬೇಡಿ. ಅವನಿಗಾಗಲಿ ನಿಮಗಾಗಲಿ ತಡೆಯಲಾರೆ ಅನ್ನಿಸಿದರೆ ಸರ್ಕಾರದ ಮಾನಸಿಕ ನೆರವಿನ ಸಹಾಯವಾಣಿ ಟೆಲಿ ಮಾನಸ್‌ಗೆ, 14416ಕ್ಕೆ, ಯಾವ ಹೊತ್ತಿನಲ್ಲಾದರೂ ಫೋನ್ ಮಾಡಬಹುದು. ಕನ್ನಡದಲ್ಲೇ ಮಾತಾಡುತ್ತಾರೆ, ದುಡ್ಡು ಕೊಡಬೇಕಿಲ್ಲ.