ಮೊದಲ ಸಾಲಿನಲ್ಲೇ ನೀವು ಅತ್ತುಬಿಟ್ಟರೆ ಓದುವವರಿಗೆ ಏನು ಉಳಿಯಿತು?

ನಮಸ್ಕಾರ.

ನಮ್ಮ ಪತ್ರಿಕೆಗೆ ನೀವು ಕಳಿಸಿದ ಲೇಖನ 'ಮೂಕಪ್ರಾಣಿಗಳ ಆಕ್ರಂದನ' ಎರಡು ಸಲ ಓದಿದೆ. ಈ ಸಲ ಹಾಕಿಕೊಳ್ಳುತ್ತಿಲ್ಲ. ಹಾಗಂತ 'ಸ್ಥಳಾವಕಾಶದ ಕೊರತೆಯಿಂದ' ಅಂತ ಒಂದು ಸಾಲು ಗೀಚಿ ಕಳಿಸಲು ಮನಸ್ಸು ಬರಲಿಲ್ಲ. ಏಳು ಪುಟದ ಬರಹದ ಕೊನೆಯಲ್ಲಿ ನಾಲ್ಕೇ ನಾಲ್ಕು ವಾಕ್ಯ ಬರೆದಿದ್ದೀರಲ್ಲ, ಅವನ್ನು ಓದಿ ನಾನು ಕನ್ನಡಕ ತೆಗೆದು ಸ್ವಲ್ಪ ಹೊತ್ತು ಸುಮ್ನೆ ಕೂತೆ. ಅದಕ್ಕೆ ಆಮೇಲೆ ಬರುತ್ತೇನೆ. ನೇರವಾಗಿ ಹೇಳಿ ಅಂತ ಕೇಳಿದ್ದು ನೀವೇ, ಬೇಜಾರು ಮಾಡಿಕೊಳ್ಳಬೇಡಿ. (ಮೂಕಪ್ರಾಣಿ ಅಂದಮೇಲೆ ಆಕ್ರಂದನ ಎಲ್ಲಿಂದ ಬಂತು? ತಲೆಬರಹದಲ್ಲೇ ಜಗಳ ಶುರುವಾಗಿದೆ.)

ಈ ಉತ್ತರವನ್ನು ಬೇರೆಯವರೂ ಓದುವುದರಿಂದ ಲೇಖನದ ವಿಷಯ ಎರಡು ಮಾತಲ್ಲಿ ಹೇಳಿಬಿಡುತ್ತೇನೆ. 2011ರ ಫೆಬ್ರವರಿ 12, ಶನಿವಾರ. ಇಂಗ್ಲೆಂಡಿನ ಬರ್ಕ್‌ಷೈರ್‌ನಲ್ಲಿರುವ ನ್ಯೂಬರಿ ರೇಸ್‌ಕೋರ್ಸು. ಅವತ್ತಿನ ಮೊದಲ ಓಟ ಇನ್ನೂ ಶುರುವಾಗಿರಲಿಲ್ಲ. ಪ್ಯಾಡಾಕ್ ಎಂಬ ಹುಲ್ಲಿನಂಗಳದಲ್ಲಿ ಕುದುರೆಗಳನ್ನು ಸುತ್ತು ಹಾಕಿಸುತ್ತಿದ್ದಾಗ ಫೀನಿಕ್ಸ್ ಟೂ, ಮಾರ್ಚಿಂಗ್ ಸಾಂಗ್ ಎಂಬ ಎರಡು ಕುದುರೆಗಳು ಕುಸಿದು ಬಿದ್ದು ಸತ್ತವು. ಇನ್ನೆರಡು ಮುಗ್ಗರಿಸಿದವು, ಆದರೆ ಬದುಕಿಕೊಂಡವು. ಹುಲ್ಲಿನ ಕೆಳಗೆ ಹಾದುಹೋಗಿದ್ದ ಹಳೇ ಕೇಬಲ್ಲಿನಿಂದ ಕರೆಂಟು ನೆಲಕ್ಕೆ ಇಳಿಯುತ್ತಿತ್ತು.

ಈಗ ನಿಮ್ಮ ಮೊದಲ ಪುಟ. 'ಓ ಮನುಕುಲವೇ, ನಿನ್ನ ಕ್ರೌರ್ಯಕ್ಕೆ ಕೊನೆಯೆಂದು?' ಅಂತ ಶುರು. ಆ ಒಂದು ಪುಟದಲ್ಲಿ 'ಕಣ್ಣೀರು' ಆರು ಸಲ ಬಂದಿದೆ, ಪೆನ್ಸಿಲ್ ಹಿಡಿದು ಎಣಿಸಿದೆ. ಕುದುರೆ ಎರಡು ಸಲ. ಅದೂ ಒಂದು ಕಡೆ 'ಅಶ್ವ', ಇನ್ನೊಂದು ಕಡೆ 'ತುರಗ'. ಮುಂದಿನ ಪುಟದಲ್ಲಿ 'ಹಯ' ಬೇರೆ! ಒಂದೇ ಪದ ಮತ್ತೆ ಮತ್ತೆ ಬರಬಾರದು ಅಂತ ಶಾಲೆಯಲ್ಲಿ ಯಾರೋ ಹೇಳಿರುತ್ತಾರೆ, ಮರೆತುಬಿಡಿ. ಕುದುರೆ ಅನ್ನಿ, ಹತ್ತು ಸಲ ಬೇಕಾದರೂ ಅನ್ನಿ. ತುರಗ ಬಿದ್ದರೆ ನನಗೆ ನೋವಾಗಲ್ಲ, ಕುದುರೆ ಬಿದ್ದರೆ ಆಗುತ್ತೆ.

ತಪ್ಪುಗಳೂ ಇವೆ. 'ಇತ್ತೀಚೆಗೆ' ಅಂದಿದ್ದೀರಿ. ಹತ್ತು ವರ್ಷದ ಮೇಲಾಗಿದೆ. ಹಳೇ ವಿಷಯ ಬರೆಯುವುದು ತಪ್ಪಲ್ಲ, ಹೊಸದು ಅಂತ ನಟಿಸುವುದು ತಪ್ಪು. 'ಗೆಲುವಿನ ಗೆರೆಯತ್ತ ಓಡುತ್ತಿದ್ದ ಜೀವಗಳು' ಅಂದಿದ್ದೀರಿ. ಅವು ಓಡುತ್ತಲೇ ಇರಲಿಲ್ಲ ಕಣ್ರೀ! ನಡೆಯುತ್ತಿದ್ದವು. ಈ ಘಟನೆಯ ಜೀವಾಳ ಇರುವುದೇ ಅಲ್ಲಿ. ರೇಸಿನಲ್ಲಿ ಕುದುರೆ ಬೀಳುವುದನ್ನು ಜನ ಕಂಡಿದ್ದಾರೆ, ಕೇಳಿದ್ದಾರೆ. ಇಲ್ಲಿ ಹಾರಬೇಕಾದ ಬೇಲಿ ಎದುರಿಗೆ ಬಂದಿರಲಿಲ್ಲ, ಚಾಟಿ ಎತ್ತಿರಲಿಲ್ಲ. ಹುಲ್ಲಿನ ಮೇಲೆ ಲಗಾಮು ಹಿಡಿದು ನಡೆಸುತ್ತಿದ್ದರು, ಅಷ್ಟೇ.

ಆ ಹುಲ್ಲಿನ ಮೇಲೆ ಇನ್ನು ಯಾರಿದ್ದರು ಅಂತ ಒಮ್ಮೆ ಯೋಚಿಸಿ. ಪ್ಯಾಡಾಕ್ ಎಂದರೆ ಓಟಕ್ಕೆ ಮುಂಚೆ ಕುದುರೆಯನ್ನು ಎಲ್ಲರಿಗೂ ತೋರಿಸುವ ಜಾಗ. ದುಡ್ಡು ಕಟ್ಟುವವರು ಹೊರಗೆ ಒರಗಿ ನಿಂತು ಕಾಲು, ಮೈ, ನಡಿಗೆ ನೋಡುತ್ತಾರೆ. ಒಳಗೆ ಮಾಲೀಕರು, ತರಬೇತುದಾರರು, ಜಾಕಿಗಳು, ಲಾಯದ ಹುಡುಗರು. ಅಷ್ಟು ಜನರಲ್ಲಿ ಒಬ್ಬರೂ ಸಾಯಲಿಲ್ಲ. ಕುದುರೆ ಮುಟ್ಟಿದವರಿಗೆ ಜುಂ ಅಂದದ್ದು ವರದಿಯಾಗಿತ್ತು, ಅಷ್ಟೇ. ಯಾಕೆ ಹೀಗೆ? ಓದುಗರು ಕೇಳುವ ಮೊದಲ ಪ್ರಶ್ನೆ ಇದು. ಏಳು ಪುಟದಲ್ಲಿ ನೀವು ಇದನ್ನು ಮುಟ್ಟಿಯೇ ಇಲ್ಲ.

ನೆಲಕ್ಕೆ ಕರೆಂಟು ಇಳಿದಾಗ ಇಳಿದ ಜಾಗದಲ್ಲಿ ವೋಲ್ಟೇಜ್ ಜಾಸ್ತಿ, ದೂರ ಹೋದಂತೆ ಕಮ್ಮಿ. ಒಂದು ಕಾಲು ಹತ್ತಿರ, ಇನ್ನೊಂದು ದೂರ ಇದ್ದರೆ ಆ ಎರಡರ ನಡುವಿನ ವ್ಯತ್ಯಾಸ ಮೈಯೊಳಗೆ ಹರಿಯುತ್ತದೆ. ನಮ್ಮ ಎರಡು ಪಾದದ ನಡುವೆ ಒಂದು ಹೆಜ್ಜೆ, ಹರಿದರೂ ಒಂದು ಕಾಲಿಂದ ಇನ್ನೊಂದು ಕಾಲಿಗೆ. ಸಾಲದ್ದಕ್ಕೆ ಬೂಟು. ಕುದುರೆಯ ಮುಂಗಾಲಿಗೂ ಹಿಂಗಾಲಿಗೂ ಎಷ್ಟೊಂದು ಅಂತರ, ಗೊರಸಿನ ಕೆಳಗೆ ಲೋಹದ ಲಾಳ, ಮುಂದಿನಿಂದ ಹಿಂದಕ್ಕೆ ಹರಿಯುವ ಕರೆಂಟಿಗೆ ಎದೆಯೇ ದಾರಿ. ಎಲ್ಲೋ ತಂತಿ ಹರಿದು ಬಿದ್ದಿದ್ದರೆ ದಾಪುಗಾಲು ಹಾಕಬೇಡಿ, ಪಾದ ಜೋಡಿಸಿ ಉಜ್ಜಿಕೊಂಡು ಈಚೆ ಬನ್ನಿ ಅಂತ ತಿಳಿದವರು ಹೇಳುವುದು ಇದಕ್ಕೇ. ಕುದುರೆಗೆ ಯಾರು ಹೇಳಬೇಕು? ಇದನ್ನು ಒಂದು ಪ್ಯಾರಾದಲ್ಲಿ ಬರೆದಿದ್ದರೆ ಆರು ಕಣ್ಣೀರೂ ಬೇಕಾಗುತ್ತಿರಲಿಲ್ಲ.

ಇನ್ನೊಂದು ವಿಷಯ. ಎರಡು ಕುದುರೆ ಸತ್ತ ಮೇಲೂ ಅವತ್ತು ಮೊದಲ ಓಟ ನಡೆಯಿತು. ಉಳಿದ ಕುದುರೆಗಳನ್ನು ಓಡಿಸಿದರು, ಅದಾದ ಮೇಲೆ ದಿನದ ಬಾಕಿ ಓಟಗಳನ್ನು ರದ್ದು ಮಾಡಿದರು. ನೀವು ಮೂರು ಪುಟ ಮನುಷ್ಯರನ್ನು ಬೈದಿದ್ದೀರಿ, ಈ ಒಂದು ಸಂಗತಿ ಮಾತ್ರ ಎಲ್ಲೂ ಇಲ್ಲ. ಇದನ್ನು ಇಟ್ಟು ನೀವು ಬಾಯಿ ಮುಚ್ಚಿಕೊಂಡಿದ್ದರೆ ಬೈಯುವ ಕೆಲಸ ಓದುಗರೇ ಮಾಡುತ್ತಿದ್ದರು.

'ಜೂಜುಕೋರರ ದುರಾಸೆಗೆ ಬಲಿ' ಅನ್ನುವ ಮಾತು. ರೇಸು, ಬೆಟ್ಟಿಂಗ್ ಬಗ್ಗೆ ನಿಮಗೆ ಸಿಟ್ಟಿದೆ, ಇರಲಿ, ನನಗೂ ಅಂಥಾ ಪ್ರೀತಿಯೇನಿಲ್ಲ. ಆದರೆ ನ್ಯೂಬರಿಯಲ್ಲಿ ಕೊಂದದ್ದು ಕೇಬಲ್ಲು. ಆ ಸಿಟ್ಟಿಗೆ ಅದೇ ವರ್ಷದ ಏಪ್ರಿಲ್ ನೋಡಿ, ಇಂಗ್ಲೆಂಡಿನದೇ ಏಂಟ್ರಿಯಲ್ಲಿ ನಡೆದ, ಬೇಲಿ ಹಾರಿ ಓಡುವ ಗ್ರ್ಯಾಂಡ್ ನ್ಯಾಷನಲ್ ರೇಸು. 40 ಕುದುರೆ, ಎರಡು ಸುತ್ತು, 30 ಬೇಲಿ, ಏಳು ಕಿಲೋಮೀಟರಿಗೂ ಜಾಸ್ತಿ. ಮೊದಲ ಸುತ್ತಿನಲ್ಲೇ ಆರ್ನೇ, ಡೂನೀಸ್ ಗೇಟ್ ಎಂಬ ಎರಡು ಕುದುರೆ ಬಿದ್ದು ಸತ್ತವು. ಎರಡನೇ ಸುತ್ತಿನಲ್ಲಿ ಅವು ಬಿದ್ದ ಎರಡು ಬೇಲಿ ಬಿಟ್ಟು ಪಕ್ಕದಿಂದ ಉಳಿದವನ್ನು ಓಡಿಸಿದರು. 2013ರಲ್ಲಿ ಬೇಲಿಯೊಳಗಿನ ಮರದ ತಿರುಳು ತೆಗೆದು ಪ್ಲಾಸ್ಟಿಕ್ ಹಾಕಿದರು, 2024ರಿಂದ ಕುದುರೆಗಳನ್ನು 34ಕ್ಕೆ ಇಳಿಸಿದರು. ಅದು ಬೇರೆ ಲೇಖನ, ಬೇಕಾದರೆ ಬೇರೆಯಾಗಿ ಬರೆಯಿರಿ. ಎರಡನ್ನೂ ಒಂದೇ ಪಾತ್ರೆಗೆ ಸುರಿದು ಕಲಸಬೇಡಿ.

'ಕಾಲು ಮುರಿದರೆ ಕೊಂದೇಬಿಡುವ ಕಟುಕರು' ಅಂತಲೂ ಇದೆ. ಅಮೆರಿಕದ ಬಾರ್ಬಾರೊ ಎಂಬ ಕುದುರೆಯ ಕಥೆ ಓದಿ. 2006ರ ಮೇನಲ್ಲಿ ಓಡುವಾಗ ಬಲ ಹಿಂಗಾಲು ಮುರಿಯಿತು. ಆಪರೇಷನ್ ಮಾಡಿ ಎಂಟು ತಿಂಗಳು ಉಳಿಸಿಕೊಳ್ಳಲು ನೋಡಿದರು. ಮುರಿದ ಕಾಲಿನ ಭಾರ ಉಳಿದ ಕಾಲುಗಳ ಮೇಲೆ ಬಿದ್ದು ಗೊರಸಿನೊಳಗೆ ರೋಗ ಬಂತು, 2007ರ ಜನವರಿಯಲ್ಲಿ ಕೊನೆಗೂ ಸೂಜಿ ಕೊಟ್ಟು ಸಾಯಿಸಬೇಕಾಯಿತು. ಅಷ್ಟು ಭಾರದ ಮೈ ತಿಂಗಳುಗಟ್ಟಲೆ ಮಲಗಿ ಸುಧಾರಿಸಿಕೊಳ್ಳುವಂಥದ್ದಲ್ಲ. ಕಟುಕರು ಅನ್ನುವ ಮುಂಚೆ ಇಷ್ಟು ತಿಳಿದುಕೊಂಡಿದ್ದರೆ ಚೆನ್ನಾಗಿತ್ತು.

ರೇಸ್‌ಕೋರ್ಸ್ ರಸ್ತೆಯಲ್ಲಿ ಬಸ್ಸಿನಲ್ಲಿ ಹೋಗುವಾಗ ಗೋಡೆ ನೋಡಿ ಮರುಗಿದ ಭಾಗ ಹಾರಿಸಿ. ಗೋಡೆಯಾಚೆ ನೀವು ಹೋಗಿಲ್ಲ, ಅದು ಬರಹದಲ್ಲಿ ಗೊತ್ತಾಗುತ್ತೆ.

ಈಗ ಆ ನಾಲ್ಕು ವಾಕ್ಯ. ಏಳನೇ ಪುಟದ ತಳದಲ್ಲಿ, ಎಲ್ಲಾ ಕೂಗಾಟ ಮುಗಿದ ಮೇಲೆ, ನಾಚಿಕೊಂಡು ಬರೆದಂತಿವೆ (ಟಿಸಿ ಅಂದರೆ ಕರೆಂಟಿನ ಟ್ರಾನ್ಸ್‌ಫಾರ್ಮರು): 'ಮಳೆ ನಿಂತ ಮಾರನೇ ಬೆಳಗ್ಗೆ ಟಿಸಿ ಪಕ್ಕದ ಬದುವಿನ ಮೇಲೆ ಮಾವನ ಎತ್ತು ಬಿತ್ತು. ಮಾವನ ಕಾಲಲ್ಲಿ ಹವಾಯಿ ಚಪ್ಪಲಿ ಇತ್ತು. ಹಗ್ಗ ಕೈಯಲ್ಲೇ ಇತ್ತು. ಸಂಜೆಯವರೆಗೂ ಅದನ್ನು ಬಿಡಲಿಲ್ಲ.'

ನೋಡಿದಿರಾ? ಇಲ್ಲಿ ಒಂದು ಹನಿ ಕಣ್ಣೀರಿಲ್ಲ, ಮನುಕುಲವೂ ಇಲ್ಲ. ಚಪ್ಪಲಿ ಇದೆ. ನ್ಯೂಬರಿಯ ಬೂಟು, ನಿಮ್ಮ ಮಾವನ ಚಪ್ಪಲಿ, ಎರಡೂ ಒಂದೇ ಮಾತು ಹೇಳುತ್ತಿವೆ. ನಿಮಗೆ ಅದು ಒಳಗೆಲ್ಲೋ ಹೊಳೆದಿದೆ, ಇಲ್ಲದಿದ್ದರೆ ಇಂಗ್ಲೆಂಡಿನ ಕುದುರೆ ನೆನಪಾಗುತ್ತಲೇ ಇರಲಿಲ್ಲ. ಹಾಗಾಗಿ ಉಲ್ಟಾ ಬರೆಯಿರಿ. ಎತ್ತಿನಿಂದ ಶುರು ಮಾಡಿ, ನ್ಯೂಬರಿ ಮಧ್ಯದಲ್ಲಿ ಬರಲಿ. ಊರಿಗೆ ಹೋಗಿ ಮಾವನ ಜೊತೆ ಕೂತು ಕೇಳಿ. ಹಗ್ಗ ನೂಲಿನದ್ದಾ, ನೈಲಾನಾ? ಒದ್ದೆಯಾಗಿತ್ತಾ? ಟಿಸಿ ಆಫ್ ಮಾಡಿಸಲು ಯಾರು ಓಡಿದರು, ಲೈನ್‌ಮ್ಯಾನ್ ಎಷ್ಟು ಹೊತ್ತಿಗೆ ಬಂದ? ಪರಿಹಾರಕ್ಕೆ ಡಾಕ್ಟರು ಬಂದು ಪೋಸ್ಟ್‌ಮಾರ್ಟಂ ಮಾಡುವವರೆಗೆ ಎತ್ತು ಅಲ್ಲೇ ಬಿದ್ದಿತ್ತಾ, ಮೇಲೆ ಏನು ಹೊದಿಸಿದ್ದರು? ಮಾವ 'ಕರೆಂಟ್ ಹೊಡೀತು' ಅಂದಿದ್ದರೆ ಹಾಗೇ ಬರೆಯಿರಿ, 'ವಿದ್ಯುದಾಘಾತಕ್ಕೊಳಗಾಯಿತು' ಅಂತ ಇಸ್ತ್ರಿ ಮಾಡಬೇಡಿ.

ಮೂರು ಪುಟ ಸಾಕು. ಅವಸರವಿಲ್ಲ, ಬರೆದು ಒಂದು ವಾರ ಪಕ್ಕಕ್ಕಿಟ್ಟು ಆಮೇಲೆ ಕಳಿಸಿ. ಮತ್ತೆ, ಎತ್ತು ಅಂದಮೇಲೆ ಅದಕ್ಕೊಂದು ಜೋಡಿ ಇರಬೇಕಲ್ವಾ? ಅದು ಏನಾಯಿತು ಅಂತ ನೀವು ಹೇಳಲೇ ಇಲ್ಲ.